ಐದು ಗುಂಡು, ಐದು ಖಾಲಿ ಕೇಸ್: ಪೊಲೀಸ್ ತರಬೇತಿ ಶಾಲೆಯ ದಿನಚರಿ

ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾದ ಹುಡುಗ ಹುಡುಗಿಯರಿಗೂ ಅವರ ಮನೆಯವರಿಗೂ ಕೊಪ್ಪಳದಲ್ಲಿ ಹೇಳಿದ ಮಾತುಗಳ ಬರಹ ರೂಪ ಇದು.

ಇಲ್ಲಿ ಕೂತಿರುವ ಹುಡುಗರೆಲ್ಲ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಿದವರು. ಹುಡುಗಿಯರು 400 ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಿದವರು. ಅದಕ್ಕಾಗಿ ಎಷ್ಟೋ ತಿಂಗಳು ನಸುಕಿನಲ್ಲಿ ಎದ್ದು ಕಾಲೇಜು ಮೈದಾನದಲ್ಲಿ, ಕಾಲುವೆ ದಂಡೆಯ ಮೇಲೆ ಓಡಿದ್ದೀರಿ. ಹಾಗಾಗಿ ತರಬೇತಿ ಅಂದ ಕೂಡಲೇ ಇನ್ನೂ ಎಂಟು ತಿಂಗಳು ಹೀಗೇ ಓಡಿಸುತ್ತಾರೆ ಎಂದು ಬಹಳ ಮಂದಿ ಅಂದುಕೊಂಡಿರುತ್ತಾರೆ. ಓಟ ಇದ್ದೇ ಇರುತ್ತದೆ. ಆದರೆ ಅಲ್ಲಿ ನಸುಕಿನಿಂದ ರಾತ್ರಿವರೆಗೆ ನಿಮ್ಮಿಂದ ಕೇಳುವುದು ಹೆಚ್ಚಾಗಿ ಲೆಕ್ಕ. ಸಾಲಿನಲ್ಲಿ ಎಷ್ಟು ಮಂದಿ, ಕೈಗೆ ಕೊಟ್ಟ ಗುಂಡು ಎಷ್ಟು, ವಾಪಸ್ ಬಂದದ್ದು ಎಷ್ಟು, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಹೊತ್ತಿಗೆ ಬಂದಿರಿ. ಇದನ್ನು ಮೊದಲೇ ತಿಳಿದು ಹೋದವರಿಗೆ ದಿನಚರಿ ಹಗುರವಾಗುತ್ತದೆ.

ಯಾರು ಎಲ್ಲಿಗೆ ಎಂಬುದು ಆದೇಶ ಕೈಗೆ ಬಂದಾಗಲೇ ತಿಳಿಯುವುದು. ನಮ್ಮ ಭಾಗದವರಿಗೆ ಹತ್ತಿರದ್ದು ಕಲಬುರಗಿಯ ನಾಗನಹಳ್ಳಿ ತರಬೇತಿ ಕಾಲೇಜು. ಖಾನಾಪುರ, ಐಮಂಗಲ, ಚನ್ನಪಟ್ಟಣದ ಶಾಲೆಗಳೂ ಇವೆ. ಕೆ.ಎಸ್.ಆರ್.ಪಿ. (ರಾಜ್ಯ ಮೀಸಲು ಪೊಲೀಸ್) ತರಬೇತಿ ಶಾಲೆ ನಮ್ಮ ಮುನಿರಾಬಾದಿನಲ್ಲೇ, ಡ್ಯಾಮಿನ ಮಗ್ಗುಲಲ್ಲೇ ಇದೆ. ಸಬ್ ಇನ್‌ಸ್ಪೆಕ್ಟರ್ ಆದವರು ಹೆಚ್ಚಾಗಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ದಿನಚರಿಯ ಎಲುಬು ಒಂದೇ, ಗಂಟೆ ಮಾತ್ರ ಅರ್ಧ ತಾಸು ಅತ್ತಿತ್ತ ಆದೀತು.

ಅಲ್ಲಿ ಒಂದು ದಿನ ಶುರುವಾಗುವುದು ಹಿಂದಿನ ರಾತ್ರಿ. ಇದನ್ನು ಒತ್ತಿ ಹೇಳುತ್ತೇನೆ. ಒಂದು ಬ್ಯಾರಕಿನಲ್ಲಿ 40 ಜನ, 5 ಶೌಚಾಲಯ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ 5 ನಿಮಿಷವಾದರೂ ಕೊನೆಯವರದು ಮುಗಿಯಲು 40 ನಿಮಿಷ ಬೇಕು. ಐದೂಮುಕ್ಕಾಲಿಗೆ ಮೈದಾನದಲ್ಲಿ ಫಾಲ್‌ಇನ್ (ಸಾಲುಗೂಡುವುದು) ಅಂದರೆ ಐದಕ್ಕೆ ಎದ್ದವರು ಆ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ. ನಾಲ್ಕೂವರೆಗೆ ಎದ್ದವರಿಗೆ ನೀರೂ ಸಿಗುತ್ತದೆ, ಚಹಾನೂ ಸಿಗುತ್ತದೆ. ಆದ್ದರಿಂದ ಗಡ್ಡ ರಾತ್ರಿಯೇ ತೆಗೆಯಿರಿ. ಬೆಳಗಿನ ಬಿಳಿ ಅಂಗಿ, ಚಡ್ಡಿ, ಕ್ಯಾನ್ವಾಸ್ ಬೂಟು ಮಂಚದ ಕಾಲಬದಿಗಿರಲಿ. ಖಾಕಿ ಇಸ್ತ್ರಿ ಮಾಡಿ ತೂಗುಹಾಕಿರಿ. ಎರಡೂ ಕಾಲುಚೀಲ ಬೂಟಿನೊಳಗೇ ಇರಲಿ, ಯಾಕೆಂದರೆ ಕತ್ತಲಲ್ಲಿ ಎಲ್ಲರೂ ಹುಡುಕುವುದು ಒಂದು ಕಾಲುಚೀಲವನ್ನೇ. ನೀರಿನ ಬಾಟಲಿ ತುಂಬಿಟ್ಟೇ ಮಲಗಿ.

ಮೈದಾನದಲ್ಲಿ ಮೂರು ಸಾಲಾಗಿ ನಿಲ್ಲುತ್ತೀರಿ. ಸ್ಕ್ವಾಡಿನ ಲೀಡರ್ ಎಣಿಸಿ ಬೋಧಕರಿಗೆ ಒಪ್ಪಿಸಬೇಕು: ಒಟ್ಟು 42, ಸಿಕ್ 2, ಮೆಸ್ ಡ್ಯೂಟಿ 1, ಹಾಜರು 39. ಈ ನಾಲ್ಕು ಅಂಕಿ ತಾಳೆಯಾದರೆ ಮಾತ್ರ ಸ್ಕ್ವಾಡ್ ಕದಲುತ್ತದೆ. 38 ಬಂದರೆ ಆ ಒಬ್ಬರು ಎಲ್ಲಿದ್ದಾರೆಂದು ಗೊತ್ತಾಗುವವರೆಗೆ ಎಲ್ಲರೂ ನಿಂತಿರಬೇಕು. ಹೊಸಬರಿಗೆ ಇದು ಕಿರಿಕಿರಿ. ನಾಳೆ ಠಾಣೆಯ ಲಾಕಪ್ಪಿನ ಮುಂದೆ ಪಹರೆ ಬದಲಾಯಿಸುವಾಗ ಒಳಗೆ ಎಷ್ಟು ಜನ ಎಂದು ಎಣಿಸಿಯೇ ಒಪ್ಪಿಸಿಕೊಳ್ಳಬೇಕಾಗುತ್ತದೆ, ಆ ಅಭ್ಯಾಸ ಬೀಳುವುದು ಇಲ್ಲಿ.

ಆಮೇಲೆ ಪಿ.ಟಿ. ಮುಕ್ಕಾಲು ತಾಸಿನಿಂದ ಒಂದು ತಾಸು ನಡೆಯುತ್ತದೆ. ಮೈ ಬಿಸಿ ಮಾಡುವುದು, ಓಟ, ದಂಡ, ಬಸ್ಕಿ, ಹಗ್ಗ ಹತ್ತುವುದು, ಅಡೆತಡೆ ದಾಟುವುದು, ಒಂದೊಂದು ದಿನ ಯೋಗ. ನಮ್ಮ ಹುಡುಗರು ಓಟದಲ್ಲಿ ಹಿಂದೆ ಬೀಳುವುದಿಲ್ಲ, ಹಗ್ಗದಲ್ಲಿ ಬೀಳುತ್ತಾರೆ. ಪರೀಕ್ಷೆಗೆ ಕಾಲು ತಯಾರಾಗಿದೆ, ಭುಜ ತಯಾರಾಗಿಲ್ಲ. ಹೋಗುವ ಮುಂಚೆ ಸಿಗುವ ವಾರಗಳಲ್ಲಿ ದಿನಾ ಒಂದು ಕಂಬಿಗೆ ಜೋತುಬಿದ್ದು ಮೈ ಮೇಲೆತ್ತಿ. ಒಂದೇ ಒಂದು ಬಾರಿ ಆದರೂ ಸರಿ, ನಾಳೆ ಎರಡಾಗುತ್ತದೆ.

ಈಗ ಕಾಲಿನ ವಿಷಯ. ತರಬೇತಿ ಅರ್ಧಕ್ಕೆ ನಿಲ್ಲಲು ಕಾರಣವಾಗುವುದು ಸಾಮಾನ್ಯವಾಗಿ ಉಸಿರಲ್ಲ, ಕಾಲು. ನೀವು ಓಡಿ ರೂಢಿಯಾದದ್ದು ಹಗುರ ಸ್ಪೋರ್ಟ್ಸ್ ಶೂ ಹಾಕಿಕೊಂಡು ಮೆತ್ತಗಿನ ಮಸಾರಿ ಮಣ್ಣಿನ ಮೇಲೆ. ಅಲ್ಲಿ ಚರ್ಮದ ಬೂಟು, ಗಟ್ಟಿ ನೆಲ, ಕವಾಯತಿನಲ್ಲಿ ಆರು ಇಂಚು ಕಾಲೆತ್ತಿ ಕುಟ್ಟುವುದು, ಅದೂ ದಿನಕ್ಕೆ ನೂರಾರು ಬಾರಿ. ಉಸಿರು ಮತ್ತು ಮಾಂಸಖಂಡ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಎಲುಬಿಗೆ ಅಷ್ಟು ಬೇಗ ಒಗ್ಗದು, ತಿಂಗಳುಗಳೇ ಬೇಕು. ಹುಡುಗನಿಗೆ ಶಕ್ತಿ ಬಂದಿದೆ ಅನ್ನಿಸುವ ಹೊತ್ತಿಗೇ ಮೊಣಕಾಲಿನ ಕೆಳಗಿನ ಎಲುಬು ಸೋಲುವುದು ಇದರಿಂದ.

ಎರಡು ನೋವುಗಳನ್ನು ಬೇರೆ ಬೇರೆ ಗುರುತಿಸಲು ಕಲಿಯಿರಿ. ಮೊಣಕಾಲಿನ ಕೆಳಗಿನ ಎಲುಬಿನ ಒಳಬದಿಯಲ್ಲಿ ಉದ್ದಕ್ಕೂ ಹರಡಿದಂತೆ ನೋವು, ಓಡಲು ಶುರು ಮಾಡಿದ ಮೇಲೆ ತುಸು ಕಡಿಮೆಯಾಗುತ್ತದೆ ಅಂದರೆ ಅದು ಎಲುಬಿನ ಮೇಲ್ಪದರದ ಉರಿ. ಕೆಲವು ದಿನ ಓಟ ತಗ್ಗಿಸಿ, ಐಸ್ ಇಟ್ಟರೆ ಇಳಿಯುತ್ತದೆ. ಒಂದು ಬೆರಳ ತುದಿ ಇಟ್ಟು ಇಲ್ಲೇ ಎಂದು ತೋರಿಸಬಹುದಾದ ನೋವು, ನಡೆದಂತೆಲ್ಲ ಹೆಚ್ಚುವ, ರಾತ್ರಿ ಮಲಗಿದಾಗಲೂ ಬಿಡದ ನೋವು ಬೇರೆ. ಅದು ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಶುರುವಿನಲ್ಲಿ ಎಕ್ಸರೇಯಲ್ಲೂ ಕಾಣದೆ ಹೋಗಬಹುದು. ಆಗ ಆರರಿಂದ ಎಂಟು ವಾರ ವಿಶ್ರಾಂತಿ ಬೇಕಾಗುತ್ತದೆ. ಬ್ಯಾಚಿನಿಂದ ಹಿಂದೆ ಬೀಳುತ್ತೇನೆ ಎಂಬ ಹೆದರಿಕೆಯಿಂದ ನೋವಿನ ಗುಳಿಗೆ ನುಂಗಿ ಓಡುತ್ತಾರಲ್ಲ, ಆ ಬಿರುಕು ಪೂರ್ತಿ ಮುರಿತವಾಗುವುದು ಆಗಲೇ. ಸಿಕ್ ರಿಪೋರ್ಟ್ ಮಾಡುವುದು ಅವಮಾನವಲ್ಲ. ಬೆಳಗಿನ ಫಾಲ್‌ಇನ್‌ಗೆ ಮುಂಚೆಯೇ ಹೆಸರು ಬರೆಸಿ ವೈದ್ಯರ ಬಳಿ ಹೋಗಿ, ಅವರು ಕೊಟ್ಟ ಚೀಟಿ ತಂದು ಒಪ್ಪಿಸಿ. ಹೇಳದೆ ಹಾಸಿಗೆಯಲ್ಲಿ ಉಳಿದರೆ ಮಾತ್ರ ಅದು ಗೈರುಹಾಜರಿ.

ಬೂಟಿನ ಅಳತೆ ಸಂಜೆ ಕೊಡಿ, ಬೆಳಗ್ಗೆ ಬೇಡ. ದಿನವೆಲ್ಲ ನಿಂತ ಪಾದ ಸಂಜೆಗೆ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಯೇ ಹಾಕಿ ನೋಡಿ, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು. ಹೊಸ ಬೂಟನ್ನು ಮೊದಲ ವಾರ ಸಂಜೆ ಬ್ಯಾರಕಿನಲ್ಲಿ ಹಾಕಿಕೊಂಡು ಓಡಾಡಿ. ಬೊಬ್ಬೆ ಎದ್ದರೆ ಮೇಲಿನ ಚರ್ಮ ಕೀಳಬೇಡಿ, ಆ ಚರ್ಮವೇ ಅದಕ್ಕೆ ಪಟ್ಟಿ. ರಾತ್ರಿ ಪಾದ ತೊಳೆದು ಬೆರಳ ಸಂದಿ ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಕಾಲುಚೀಲದಿಂದ ಬೆರಳ ಸಂದಿ ಹಣ್ಣಾಗುತ್ತದೆ, ಅದರಿಂದಲೂ ನಡೆಯಲಾಗದೆ ಸಿಕ್ ಆಗುವವರಿದ್ದಾರೆ.

ಬಿಸಿಲಿನ ಬಗ್ಗೆ ರಾಯಚೂರು, ಬಳ್ಳಾರಿ ಕಡೆಯವರಿಗೆ ಹೇಳುವುದೇನು ಎನ್ನಬಹುದು. ನಲವತ್ತು ಡಿಗ್ರಿಯಲ್ಲಿ ಹತ್ತಿ ಬಿಡಿಸಿದವರು ನೀವು. ಆದರೆ ಹೊಲದಲ್ಲಿ ನಿಮ್ಮ ವೇಗ ನಿಮ್ಮ ಕೈಯಲ್ಲಿತ್ತು, ಗಿಡದ ನೆರಳು ಬೇಕೆಂದಾಗ ಕೂತಿರಿ. ಸಾಲಿನಲ್ಲಿ ಹಾಗೆ ಕೂಡಲಾಗುವುದಿಲ್ಲ, ವೇಗ ಇನ್ನೊಬ್ಬರ ಕೈಯಲ್ಲಿರುತ್ತದೆ. ಕಷ್ಟದ ಕೆಲಸದಲ್ಲಿ ಮೈ ತಾಸಿಗೆ ಒಂದು ಲೀಟರ್ ಬೆವರು ಹರಿಸಬಲ್ಲದು. ಬಾಯಾರುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಕುಡಿಯಿರಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ತಲೆ ತಿರುಗುತ್ತದೆ, ವಾಂತಿ ಬರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಒಳ್ಳೆಯದು. ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಬೇಡಿ, ಗಟ್ಟಿಯಾದರೆ ಕೆಡುಕು.

ಪಕ್ಕದವರ ಮೇಲೂ ಕಣ್ಣಿರಲಿ. ಸಾಲಿನಲ್ಲಿ ಒಬ್ಬ ತಟ್ಟಾಡುತ್ತಿದ್ದಾನೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾನೆ ಅಂದರೆ ಅದು ಸುಸ್ತಲ್ಲ, ಬಿಸಿಲಾಘಾತ. ಮೈ ಒಣಗಿರಲೇಬೇಕೆಂದಿಲ್ಲ, ಓಡುವಾಗ ಬಡಿದ ಆಘಾತದಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಮೊದಲು ತಣ್ಣಗೆ ಮಾಡಿ, ಆಮೇಲೆ ಸಾಗಿಸಿ. ನೆರಳಿಗೆ ಎಳೆದು, ಬೆಲ್ಟು ಬೂಟು ಬಿಚ್ಚಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಇನ್ನೊಂದು ಗುರುತು: ವಿಪರೀತ ವ್ಯಾಯಾಮದ ಮರುದಿನ ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ನಾಚಿಕೆ ಬಿಟ್ಟು ಅಂದೇ ವೈದ್ಯರಿಗೆ ಹೇಳಿ. ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಭಾರವಾಗಿದೆ ಎಂಬ ಸೂಚನೆ ಅದು.

ಇನ್ನು ಊಟದ ಮಾತು, ತಾಯಂದಿರಿಗೆ ಹೇಳುತ್ತೇನೆ. ಎರಡು ಹೊತ್ತೂ ಜೋಳದ ರೊಟ್ಟಿ ಉಂಡ ಮಕ್ಕಳಿಗೆ ದಕ್ಷಿಣದ ಶಾಲೆಗಳಲ್ಲಿ ಮುದ್ದೆ, ಅನ್ನ, ಸಾರು ಸಿಗುತ್ತದೆ. ಮೊದಲ ಎರಡು ವಾರ ಹೊಟ್ಟೆ ತಕರಾರು ಮಾಡುತ್ತದೆ, ಅದು ರೋಗವಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿ, ಆದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಟ್ರಂಕಿಗೆ ಇರುವೆ ಮುತ್ತುತ್ತದೆ, ಖಾಕಿಗೆ ಎಣ್ಣೆ ಹತ್ತುತ್ತದೆ. ಸಾಮಾನ್ಯವಾಗಿ ಮೆಸ್ಸಿನ ಲೆಕ್ಕ ಹುಡುಗರ ಸಮಿತಿಯ ಕೈಯಲ್ಲೇ ಇರುತ್ತದೆ. ಎಷ್ಟು ಕೆ.ಜಿ. ಅಕ್ಕಿ ಇಳಿಯಿತು, ಎಷ್ಟು ಬೆಂದಿತು, ಎಷ್ಟು ಉಳಿಯಿತು ಎಂದು ಬರೆದಿಟ್ಟು ತಿಂಗಳ ಕೊನೆಗೆ ಖರ್ಚನ್ನು ತಲೆಗೆ ಹಂಚುತ್ತಾರೆ. ಆ ಸಮಿತಿಗೆ ಹೆಸರು ಕೊಡಿ, ತಪ್ಪಿಸಿಕೊಳ್ಳಬೇಡಿ. ಠಾಣೆಯ ರಿಜಿಸ್ಟರು ಬರೆಯುವ ಕೈ ಅಲ್ಲೇ ಪಳಗುತ್ತದೆ.

ತಿಂಡಿ ಮುಗಿಸಿ, ಖಾಕಿ ಹಾಕಿ ಕವಾಯತಿಗೆ. ಕಮಾಂಡಿಗೆ ಎರಡು ಭಾಗ ಇರುತ್ತವೆ. ‘ಸಾವ’ ಎಂದು ಎಳೆದು ಹೇಳುವುದು ಎಚ್ಚರಿಸಲು. ‘ಧಾನ್’ ಎಂದು ಕಡಿದು ಹೇಳುವುದು ಮಾಡಲು. ಹೊಸ ಸ್ಕ್ವಾಡಿನಲ್ಲಿ ಅರ್ಧ ಮಂದಿ ಮೊದಲ ಭಾಗಕ್ಕೇ ಕಾಲೆತ್ತಿಬಿಡುತ್ತಾರೆ, ಹಿಮ್ಮಡಿಗಳ ಸದ್ದು ಜೋಳ ಸುರಿದಂತೆ ಕೇಳುತ್ತದೆ. ಮೂರು ತಿಂಗಳಿಗೆ ಅದು ಒಂದೇ ಸದ್ದಾಗುತ್ತದೆ. ಸಾವಧಾನದಲ್ಲಿ ಹಿಮ್ಮಡಿ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನ, ಮುಷ್ಟಿ ಕಟ್ಟಿ ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿರಬೇಕು. ವಿಶ್ರಾಮದಲ್ಲಿ ಎಡಗಾಲು 12 ಇಂಚು ದೂರ. ತೇಜ್ ಚಲ್‌ನಲ್ಲಿ ಒಂದು ಹೆಜ್ಜೆ 30 ಇಂಚು, ನಿಮಿಷಕ್ಕೆ 120 ಹೆಜ್ಜೆ. ಎತ್ತರದವರು ಈ ಅಳತೆಗೆ ಹೆಜ್ಜೆ ಕುಗ್ಗಿಸಬೇಕು, ಗಿಡ್ಡನೆಯವರು ಹಿಗ್ಗಿಸಬೇಕು. ಎಡಗಾಲಿನ ಜೊತೆ ಎಡಗೈಯೇ ಮುಂದೆ ಹೋಗುವ ಒಂದಿಬ್ಬರು ಪ್ರತಿ ಸ್ಕ್ವಾಡಿನಲ್ಲೂ ಇರುತ್ತಾರೆ. ನಡೆಯುವುದನ್ನು ಯೋಚಿಸಿ ಮಾಡಲು ಹೊರಟಾಗ ಹಾಗಾಗುತ್ತದೆ. ಅವರನ್ನು ನಗೆಪಾಟಲು ಮಾಡಿದರೆ ಇನ್ನಷ್ಟು ಬಿಗಿಯುತ್ತಾರೆ. ರಾತ್ರಿ ಬ್ಯಾರಕಿನ ಪಡಸಾಲೆಯಲ್ಲಿ ಮಾತಾಡುತ್ತ ಜೊತೆಗೆ ನಡೆದರೆ ನಾಲ್ಕು ದಿನಕ್ಕೆ ಸರಿಹೋಗುತ್ತದೆ.

ತುಂಬಾ ಹೊತ್ತು ಸಾವಧಾನದಲ್ಲಿ ನಿಂತಾಗ ತಲೆ ಸುತ್ತಿ ಬೀಳುವುದಕ್ಕೂ ಕಾರಣವಿದೆ. ಮೊಣಕಾಲು ಬಿಗಿಹಿಡಿದು ಅಲುಗದೆ ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಹೊರಗೆ ಕಾಣದಂತೆ ಬೂಟಿನೊಳಗೆ ಬೆರಳು ಮಡಚಿ ಬಿಡಿಸಿ, ಮೀನಖಂಡ ಬಿಗಿದು ಸಡಿಲಿಸಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪೆರೇಡಿಗೆ ಹೋಗಬೇಡಿ, ಒಂದು ಬಾಳೆಹಣ್ಣಾದರೂ ತಿನ್ನಿ.

ಟೋಪಿಯ ಬಗ್ಗೆ ಒಂದು ಮಾತು. ಕಾನ್‌ಸ್ಟೆಬಲ್ ಅಂದರೆ ಒಂದು ಬದಿ ಮಡಚಿದ ಸ್ಲೌಚ್ ಹ್ಯಾಟು ಎಂದು ನಮ್ಮ ಕಣ್ಣಿಗೆ ರೂಢಿ. 2025ರಲ್ಲಿ ಅದರ ಜಾಗಕ್ಕೆ ಕಡುನೀಲಿ ಪೀಕ್ ಕ್ಯಾಪ್ ಬಂತು. ಲಾಠಿ ಹಿಡಿದು ಓಡುವಾಗ ಬೀಳದ, ತಲೆಗೆ ಹಗುರವಾದ ಟೋಪಿ ಬಂದದ್ದು ಒಳ್ಳೆಯದೇ ಆಯಿತು.

ಶಸ್ತ್ರಕ್ಕೆ ಬರೋಣ. ಶಸ್ತ್ರಾಗಾರದಿಂದ ರೈಫಲ್ ಪಡೆಯುವಾಗ ಅದರ ನಂಬರು ನೋಡಿ, ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಅದೇ ನಂಬರು ಇದೆಯೇ ಎಂದು ಓದಿ, ಆಮೇಲೆ ಸಹಿ ಮಾಡಿ. ಮೊದಲು ಕಲಿಸುವುದು ಗುಂಡು ಹೊಡೆಯುವುದನ್ನಲ್ಲ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆ, ಕಾಕ್ ಮಾಡು (ಬೋಲ್ಟ್ ಹಿಂದಕ್ಕೆ ಎಳೆ), ಚೇಂಬರಿನಲ್ಲಿ (ಗುಂಡು ಕೂರುವ ಗೂಡು) ಕಣ್ಣಿಟ್ಟು ನೋಡು, ಬೆರಳಿಟ್ಟು ನೋಡು, ಖಾಲಿ ಇದೆ ಎಂದು ಖಾತ್ರಿ ಮಾಡಿಕೊ. ರೈಫಲ್ ಕೈ ಬದಲಾದಾಗಲೆಲ್ಲ ಇದು ಮತ್ತೆ ಆಗಬೇಕು, ಕೊಟ್ಟವರು ಈಗಷ್ಟೇ ತಪಾಸಣೆ ಮಾಡಿದ್ದನ್ನು ನೀವೇ ಕಣ್ಣಾರೆ ಕಂಡಿದ್ದರೂ. ಪಾಯಿಂಟ್ 303ರ ಮ್ಯಾಗಜಿನ್‌ಗೆ 10 ಗುಂಡು, ಎಸ್‌ಎಲ್‌ಆರ್ ರೈಫಲಿಗೂ ಇನ್ಸಾಸ್ ರೈಫಲಿಗೂ 20. ಎಸ್‌ಎಲ್‌ಆರ್ ನಾಲ್ಕು ಕಿಲೋಗೂ ಮಿಕ್ಕಿ ತೂಗುತ್ತದೆ. ಮೊದಲ ಐದು ನಿಮಿಷ ಏನೂ ಅನ್ನಿಸದು, ಒಂದು ತಾಸಿನ ಮೇಲೆ ಭುಜಕ್ಕೆ ತಿಳಿಯುತ್ತದೆ.

ಫೈರಿಂಗ್ ರೇಂಜಿನಲ್ಲಿ ಕೆಂಪು ಬಾವುಟ ಏರಿರುತ್ತದೆ. ಒಂದು ಡಿಟೇಲಿನಲ್ಲಿ, ಅಂದರೆ ಒಮ್ಮೆಗೆ ಗುಂಡು ಹೊಡೆಯುವ ತಂಡದಲ್ಲಿ, ಕೆಲವರೇ ಮಲಗುತ್ತಾರೆ. ಒಬ್ಬೊಬ್ಬರಿಗೆ ಐದು ಗುಂಡು ಅಂತಿಟ್ಟುಕೊಳ್ಳಿ. ಕುಂದಾ (ರೈಫಲಿನ ಹಿಂತುದಿ) ಭುಜದ ಕುಳಿಗೆ ಬಿಗಿಯಾಗಿ ಒತ್ತಿರಬೇಕು. ಸಡಿಲ ಬಿಟ್ಟರೆ ರೈಫಲ್ ಹಿಂದಕ್ಕೆ ಗುದ್ದಿ ಮರುದಿನ ಭುಜ ನೀಲಿಗಟ್ಟುತ್ತದೆ. ಆ ಭಯದಿಂದ ಎರಡನೇ ಗುಂಡಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಅರ್ಧ ಉಸಿರು ಬಿಟ್ಟು ಹಿಡಿಯಿರಿ, ಹಿಂದಿನ ಸೈಟು (ಗುರಿ ನೋಡುವ ಕಿಂಡಿ), ಮುಂದಿನ ಸೈಟಿನ ತುದಿ, ಗುರಿ ಮೂರನ್ನೂ ಒಂದೇ ಗೆರೆಗೆ ತನ್ನಿ, ಕಣ್ಣು ಮುಂದಿನ ಸೈಟಿನ ತುದಿಯ ಮೇಲಿರಲಿ. ಟ್ರಿಗರನ್ನು ಜಗ್ಗುವುದಲ್ಲ, ನಿಂಬೆಹಣ್ಣು ಹಿಂಡಿದಂತೆ ಮೆಲ್ಲಗೆ ಒತ್ತುತ್ತ ಹೋಗುವುದು. ಎಂಟು ಹತ್ತು ಸೆಕೆಂಡಿನಲ್ಲಿ ಗುಂಡು ಹಾರದಿದ್ದರೆ ಉಸಿರು ಬಿಟ್ಟು ಮತ್ತೆ ಶುರು ಮಾಡಿ, ಹಿಡಿದ ಉಸಿರಿನಲ್ಲಿ ಕಣ್ಣು ಮಂಜಾಗುತ್ತದೆ. ಮೊದಮೊದಲು ನಡುವಿನ ಕಪ್ಪಿಗೆ ಬೀಳಬೇಕೆಂದು ಹಟ ಬೇಡ. ಐದೂ ಗುಂಡು ಒಂದು ಅಂಗೈಯಗಲದಲ್ಲಿ ಒಟ್ಟಿಗೆ ಬಿದ್ದರೆ ನಿಮ್ಮ ಹಿಡಿತ ಸರಿ ಇದೆ. ಆ ಗುಂಪನ್ನು ನಡುವಿಗೆ ತರುವುದು ಸೈಟಿನ ಕೆಲಸ.

ಗುಂಡು ಹಾರದೆ ಹೋದರೆ? ಅತಿ ಅಪಾಯದ ಗಳಿಗೆ ಇದು. ಹೊಸಬರು ‘ಸರ್, ಹಾರಲಿಲ್ಲ’ ಎಂದು ರೈಫಲ್ ಸಮೇತ ಹಿಂದಕ್ಕೆ ತಿರುಗುತ್ತಾರೆ. ನಳಿಗೆ ಇಡೀ ಸಾಲನ್ನು ಸವರಿಕೊಂಡು ಬರುತ್ತದೆ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಒಂದು ಕೈ ಎತ್ತಿ, ಕಾಯಿರಿ. ಬೋಧಕರೇ ಬರುತ್ತಾರೆ.

ಆಮೇಲೆ ಲೆಕ್ಕ. ಐದು ಗುಂಡು ಪಡೆದವರು ಐದು ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ) ಒಪ್ಪಿಸಬೇಕು. ಎಸ್‌ಎಲ್‌ಆರ್ ಕೇಸನ್ನು ಬಲಕ್ಕೆ ಹಲವು ಅಡಿ ದೂರ ಚಿಮ್ಮಿಸುತ್ತದೆ, ಹುಲ್ಲಿನಲ್ಲಿ, ಎರೆ ಮಣ್ಣಿನ ಬಿರುಕಿನಲ್ಲಿ ಹೊಕ್ಕಿರುತ್ತದೆ. ನಾಲ್ಕೇ ಸಿಕ್ಕರೆ ಡಿಟೇಲಿನವರೆಲ್ಲ ಸಾಲಾಗಿ ಮಂಡಿಯೂರಿ ನೆಲ ಸವರುತ್ತಾರೆ, ಊಟದ ಹೊತ್ತು ಮೀರಿದರೂ ಸರಿ. ಹಿತ್ತಾಳೆಯ ಆ ತುಣುಕಿಗೆ ಇಷ್ಟೇಕೆ ಎಂದು ಅನ್ನಿಸಬಹುದು. ಖಾಲಿ ಕೇಸ್ ಕಾಣೆಯಾಗಬಹುದಾದರೆ ಜೀವಂತ ಗುಂಡೂ ಜೇಬಿನಲ್ಲಿ ಹೊರಗೆ ಹೋಗಿ, ಹುಲ್ಲಿನಲ್ಲಿ ಬಿತ್ತು ಎಂದು ಲೆಕ್ಕ ಮುಗಿಯಬಹುದು. ಆ ಬಾಗಿಲು ಮುಚ್ಚುವುದಕ್ಕೇ ಈ ಹುಡುಕಾಟ.

ಸಂಜೆ ರೈಫಲ್ ಶುಚಿ. 4 ಇಂಚು ಉದ್ದ, 2 ಇಂಚು ಅಗಲದ ಫ್ಲಾನೆಲ್ ಚಿಂದಿಯನ್ನು ಪುಲ್‌ಥ್ರೂ ಹಗ್ಗದ ಕುಣಿಕೆಗೆ ಸಿಕ್ಕಿಸಿ, ಚೇಂಬರಿನ ಕಡೆಯಿಂದ ನಳಿಗೆಯ ಬಾಯಿಯ ಕಡೆಗೆ ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಚಿಂದಿ ಸಿಕ್ಕಿಕೊಳ್ಳುತ್ತದೆ. ಬಿಳಿ ಚಿಂದಿ ಬಿಳಿಯಾಗಿಯೇ ಬರುವವರೆಗೆ ಎಳೆದು, ಕೊನೆಗೆ ತೆಳ್ಳಗೆ ಎಣ್ಣೆ. ಮರುದಿನ ನೋಡಿದರೆ ನಳಿಗೆ ಮತ್ತೆ ಕಪ್ಪು ಬಿಟ್ಟಿರುತ್ತದೆ, ಆದ್ದರಿಂದ ಫೈರಿಂಗ್ ಆದ ಮೇಲೆ ಕೆಲವು ದಿನ ಬಿಡದೆ ಒರೆಸಬೇಕು. ಮತ್ತೆ ಗುಂಡು ಹೊಡೆಯುವ ಮುಂಚೆ ಆ ಎಣ್ಣೆಯನ್ನೂ ತೆಗೆಯಬೇಕು.

ಒಳಾಂಗಣ ತರಗತಿಗಳು ಸಾಮಾನ್ಯವಾಗಿ ಹತ್ತು, ಹತ್ತೂವರೆಯಿಂದ. ಬೆಳಗಿನಿಂದ ದಣಿದ ಮೈ, ತಲೆಯ ಮೇಲೆ ಫ್ಯಾನು. ನಿದ್ದೆ ಬರುತ್ತದೆ. ಆದರೆ ನಿಮ್ಮ ಮೂವತ್ತು ವರ್ಷದ ನೌಕರಿ ನಿಂತಿರುವುದು ಇಲ್ಲಿ ಕಲಿತದ್ದರ ಮೇಲೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯ 511 ಕಲಮುಗಳ ಜಾಗದಲ್ಲಿ ನ್ಯಾಯ ಸಂಹಿತೆಯಲ್ಲಿ ಈಗ 358. ಕೊಲೆ 302 ಇದ್ದದ್ದು 103 ಆಯಿತು, ಕಳವು 379 ಇದ್ದದ್ದು 303. ಮೋಸಗಾರನಿಗೆ ನಮ್ಮ ಮಂದಿ ‘ಚಾರ್‌ಸೌಬೀಸ್’ ಅನ್ನುವುದನ್ನು ಬಿಡುವುದಿಲ್ಲ, ಆದರೆ ಆ 420 ಈಗ 318ರೊಳಗೆ ಸೇರಿದೆ. ಹಾಗಂತ ಹಳೆಯದನ್ನು ಮರೆಯುವಂತಿಲ್ಲ. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಇಂದು ದೂರು ಬಂದರೂ ಹಚ್ಚುವುದು ಹಳೆಯ ಐಪಿಸಿಯ ಕಲಮನ್ನೇ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಹಾಕಿ, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ದಿನಕ್ಕೆ ಐದು ಬರೆದರೆ ಸಾಕು.

ದೂರು ಬರೆದುಕೊಳ್ಳುವುದನ್ನು ಕಲಿಯುವಾಗ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ, ಒಂದು ತೊಡಕೂ ಇದೆ: ಇಲ್ಲಿಯ ಜನರ ಮಾತು ನಿಮಗೆ ತಿಳಿಯುತ್ತದೆ, ಆದರೆ ಬರೆಯುವಾಗ ಕೈ ಪುಸ್ತಕದ ಭಾಷೆಗೆ ಜಾರುತ್ತದೆ. ಕುಷ್ಟಗಿ ಕಡೆಯ ಹೆಣ್ಣುಮಗಳೊಬ್ಬಳು ಠಾಣೆಗೆ ಬಂದು, ‘ನಿನ್ನೆ ದೀಪಾ ಹಚ್ಚೋ ಹೊತ್ತಿನ್ಯಾಗ ಕೊಳ್ಳಾಗಿನ ಸರ ಕಿತ್ತಕೊಂಡು ಹೋದ’ ಅನ್ನುತ್ತಾಳೆ ಅಂತಿಟ್ಟುಕೊಳ್ಳಿ. ಪುಸ್ತಕದ ಭಾಷೆ ಕಲಿತ ಹುಡುಗ ಇದನ್ನು ‘ಸಾಯಂಕಾಲ 7-00 ಗಂಟೆಗೆ’ ಎಂದು ಬರೆದುಬಿಡುತ್ತಾನೆ. ಆಕೆ ಏಳು ಗಂಟೆ ಅಂದಿಲ್ಲ. ಕೋರ್ಟಿನಲ್ಲಿ ವಕೀಲರು ‘ನಿನಗೆ ಗಡಿಯಾರ ನೋಡಲು ಬರುತ್ತದೆಯೇ’ ಎಂದು ಕೇಳಿದರೆ ಆಕೆ ಇಲ್ಲ ಎನ್ನುತ್ತಾಳೆ, ಅಲ್ಲಿಗೆ ಆ ಏಳು ಗಂಟೆಯೇ ಕೇಸನ್ನು ತಿನ್ನುತ್ತದೆ. ಆಕೆಯ ಮಾತನ್ನು ಹಾಗೇ ಬರೆಯಿರಿ. ಆಮೇಲೆ ಕೇಳಿ: ಆಗ ಯಾವ ಬಸ್ಸು ಬಂದಿತ್ತು, ಕರೆಂಟ್ ಇತ್ತೇ, ಗುಡಿಯ ಗಂಟೆ ಆಗಿತ್ತೇ. ಅದರಿಂದ ‘ಅಂದಾಜು’ ಸಮಯ ಹಚ್ಚಿರಿ. ಸರ ಬಂಗಾರದ್ದು ಎಂದು ಆಕೆ ಹೇಳಿದರೆ ದೂರಿನಲ್ಲಿ ಬಂಗಾರ. ಅದೇ ಸರ ನಾಳೆ ಆರೋಪಿಯ ಹತ್ತಿರ ಸಿಕ್ಕಾಗ ಮಹಜರಿನಲ್ಲಿ ನೀವು ಬರೆಯುವುದು ‘ಬಂಗಾರದಂತೆ ಕಾಣುವ ಹಳದಿ ಲೋಹದ ಸರ’. ಅಕ್ಕಸಾಲಿಗ ನೋಡಿ ಹೇಳುವವರೆಗೆ ಅದು ಬಂಗಾರವೆಂದು ನಿಮಗೆ ಗೊತ್ತಿಲ್ಲ. ಹಾಗೆಯೇ ‘ರಕ್ತದಂತೆ ಕಾಣುವ ಕಲೆ’. ಬರೆದದ್ದನ್ನು ಆಕೆಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು, ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದನ್ನೇ ಹೇಳುತ್ತದೆ. ಕೃತ್ಯ ನಡೆದದ್ದು ಬೇರೆ ಠಾಣೆಯ ಹದ್ದಿನಲ್ಲಿ ಎಂದು ಹೇಳಿ ಆಕೆಯನ್ನು ವಾಪಸ್ ಕಳಿಸುವಂತೆಯೂ ಇಲ್ಲ.

ತರಬೇತಿ ಶಾಲೆಯಲ್ಲಿ ಒಂದು ಕೋಣೆಯಲ್ಲಿ ಕೃತ್ಯದ ಸ್ಥಳವನ್ನು ಕೃತಕವಾಗಿ ಸಜ್ಜು ಮಾಡಿ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿ ಪದೇ ಪದೇ ಆಗುವ ತಪ್ಪು ಎರಡು. ಒಂದು, ವಸ್ತು ಎಲ್ಲಿತ್ತು ಎಂದು ಒಂದೇ ಕಡೆಯಿಂದ ಅಳೆಯುವುದು. ‘ಬಾಗಿಲಿನಿಂದ 6 ಅಡಿ’ ಅಂದರೆ ಬಾಗಿಲಿನ ಸುತ್ತ ಒಂದು ಅರ್ಧ ವೃತ್ತವೇ ಆಯಿತು. ಕದಲದ ಎರಡು ಜಾಗಗಳಿಂದ ಅಳೆದರೆ ಮಾತ್ರ ಬಿಂದು ಸಿಗುತ್ತದೆ. ಎರಡನೆಯದು, ಹಸಿ ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಸೀಲು ಮಾಡುವುದು. ಒಳಗೆ ಬೂಸ್ಟು ಹಿಡಿದು ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಕೆಟ್ಟಿರುತ್ತದೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ, ಆದ್ದರಿಂದ ಕೈಯ ತಪ್ಪು ಅಲ್ಲೇ ದಾಖಲಾಗುತ್ತದೆ.

ದಸ್ತಗಿರಿಯ ಪಾಠವನ್ನು ನಿಧಾನವಾಗಿ ಕಲಿಯಿರಿ. ಸಂವಿಧಾನದ 22ನೇ ವಿಧಿ ಪ್ರಕಾರ ಹಿಡಿದವರನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಈ ಎಣಿಕೆ ಶುರುವಾಗುವುದು ಕಾಗದದಲ್ಲಿ ‘ದಸ್ತಗಿರಿ’ ಎಂದು ಬರೆದ ಗಳಿಗೆಯಿಂದಲ್ಲ, ಆ ಮನುಷ್ಯ ತನ್ನಿಷ್ಟದಂತೆ ಎದ್ದು ಹೋಗಲಾರದ ಗಳಿಗೆಯಿಂದ. ಪೊಲೀಸ್ ವಶದಲ್ಲಿನ ಸಾವುಗಳ ಬಗ್ಗೆ ಬಂದ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಲ್ಲಿ ಮುಖ್ಯವಾದವು ಈಗ ಕಾನೂನಿನೊಳಗೇ ಇವೆ: ಹಿಡಿಯುವವರ ಎದೆಯ ಮೇಲಿನ ಹೆಸರು ಕಾಣಬೇಕು, ದಸ್ತಗಿರಿ ಮೆಮೊಗೆ ಮನೆಯವರೋ ಊರಿನ ಗಣ್ಯರೋ ಒಬ್ಬರಾದರೂ ಸಾಕ್ಷಿ ಹಾಕಬೇಕು, ಮನೆಗೆ ತಿಳಿಸಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಣ್ಣುಮಕ್ಕಳನ್ನು ದಸ್ತಗಿರಿ ಮಾಡುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಬರೆದುಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು. ನೀವು ನಾಳೆ ಖಾಕಿಯಲ್ಲಿ ಹಿಡಿಯುವವರು ಇಂಥದೇ ಊರಿನ, ಇಂಥದೇ ಮನೆಯ ಮಕ್ಕಳು. ಒಂದು ತಾಸಿನ ತಪ್ಪು ಲೆಕ್ಕ ಅವರ ಮೈಮೇಲೆ ಬೀಳುತ್ತದೆ.

ಮಧ್ಯಾಹ್ನದ ಮೇಲೆ ಆಟ, ಲಾಠಿ ಕವಾಯತು, ಜನಸಂದಣಿ ನಿಯಂತ್ರಣ, ಶ್ರಮದಾನ. ಜನಸಂದಣಿ ಅಂದರೆ ಗವಿಮಠದ ಜಾತ್ರೆ ನೆನಸಿಕೊಳ್ಳಿ. ತೇರು ಎಳೆಯುವಾಗ ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣದು, ಅವರು ದೂಡುತ್ತಲೇ ಇರುತ್ತಾರೆ, ಮುಂದಿನವರ ಎದೆ ಅದುಮುತ್ತದೆ. ಕಾಲ್ತುಳಿತದಲ್ಲಿ ಜೀವ ಹೋಗುವುದು ಬಹುಪಾಲು ತುಳಿದದ್ದರಿಂದಲ್ಲ, ನಿಂತಲ್ಲೇ ಉಸಿರು ಕಟ್ಟಿ. ಒಂದು ಚದರ ಮೀಟರಿನಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ಗುಂಪು ನೀರಿನಂತೆ ಅಲೆ ಹೊಡೆಯಲು ಶುರು ಮಾಡುತ್ತದೆ. ಆಗ ಮುಂದೆ ಹಗ್ಗ ಬಿಗಿಯುವುದು ತಪ್ಪು. ಹಿಂದಿನಿಂದ ಬರುವವರನ್ನು ತಡೆದು, ಮುಂದೆ ಮತ್ತು ಪಕ್ಕಕ್ಕೆ ದಾರಿ ಬಿಡಬೇಕು.

ಹುಡುಗಿಯರಿಗೆ ಎರಡು ಮಾತು. ಮುಟ್ಟಿನ ದಿನಗಳಲ್ಲಿ ಕಷ್ಟವಾದರೆ ಮಹಿಳಾ ಬೋಧಕರಿಗೆ ನೇರವಾಗಿ ಹೇಳಿ, ಸಂಕೋಚ ಬೇಡ. ಹೋಗುವ ಮುಂಚೆ ಹಿಮೋಗ್ಲೋಬಿನ್ ತಪಾಸಣೆ ಮಾಡಿಸಿ. ನಮ್ಮ ಭಾಗದಲ್ಲಿ ರಕ್ತಹೀನತೆ ಹೆಚ್ಚು, ಹನ್ನೆರಡಕ್ಕಿಂತ ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣದ ಗುಳಿಗೆ ಈಗಲೇ ಶುರು ಮಾಡಿ, ಅದು ಏರಲು ಒಂದೆರಡು ತಿಂಗಳು ಬೇಕು. ಗುಳಿಗೆಯ ಜೊತೆ ಚಹಾ ಕುಡಿಯಬೇಡಿ, ಲಿಂಬೆ ಶರಬತ್ತು ಕುಡಿಯಿರಿ.

ಸಂಜೆ ಮತ್ತೆ ಹಾಜರಾತಿ, ಮತ್ತೆ ಎಣಿಕೆ. ಮರುದಿನದ ಆದೇಶ ಓದುವುದೂ ಆಗಲೇ. ಮೊಬೈಲು ಬಹುತೇಕ ಕಡೆ ದಿನವಿಡೀ ಕೈಯಲ್ಲಿರುವುದಿಲ್ಲ, ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ಸಿಗುತ್ತದೆ. ಅಪ್ಪ ಅವ್ವಂದಿರು ಇದನ್ನು ತಿಳಿದಿರಬೇಕು. ಮಗ ನಾಲ್ಕು ದಿನ ಫೋನ್ ಮಾಡಲಿಲ್ಲ ಎಂದು ಗಾಬರಿಯಾಗಬೇಡಿ. ಸಿಕ್ಕ ಹತ್ತು ನಿಮಿಷದಲ್ಲಿ ಬೋರ್‌ವೆಲ್ ಬತ್ತಿದ್ದು, ಬ್ಯಾಂಕಿನ ನೋಟಿಸು, ಅಣ್ಣತಮ್ಮಂದಿರ ಜಗಳ ಎಲ್ಲ ಹೇಳಬೇಡಿ, ಅವನು ಅಲ್ಲಿಂದ ಏನೂ ಮಾಡಲಾರ, ರಾತ್ರಿ ನಿದ್ದೆ ಮಾತ್ರ ಕೆಡುತ್ತದೆ. ಮನೆಯಲ್ಲಿ ನಿಜವಾಗಿ ತುರ್ತು ಇದ್ದರೆ ಶಾಲೆಯ ಕಚೇರಿಗೇ ಫೋನ್ ಮಾಡಿ, ಕೂಡಲೇ ಮುಟ್ಟಿಸುತ್ತಾರೆ. ಜಾತ್ರೆಗೆ, ಮದುವೆಗೆ ರಜೆ ಹಾಕು ಎಂದು ಒತ್ತಾಯಿಸಬೇಡಿ. ರಜೆ ಮಿತಿ ಮೀರಿದರೆ ಮುಂದಿನ ಬ್ಯಾಚಿಗೆ ಹೋಗಬೇಕಾಗುತ್ತದೆ, ಸೇವಾ ಹಿರಿತನಕ್ಕೂ ಪೆಟ್ಟು.

ಬ್ಯಾರಕಿನಲ್ಲಿ ರಾತ್ರಿ ಹೊತ್ತು ಎರಡು ಕೆಲಸ ಉಳಿದಿರುತ್ತವೆ, ಓದು ಮತ್ತು ಪಾಲಿಶ್. ಬೂಟಿನ ಮೂತಿಗೆ ಪಾಲಿಶನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ಚಿಕ್ಕ ಚಿಕ್ಕ ವೃತ್ತದಲ್ಲಿ ತೀಡಿ, ಒಂದು ಹನಿ ನೀರು ಹಚ್ಚಿ ಮತ್ತೆ ತೀಡಿ. ಒಮ್ಮೆಲೇ ದಪ್ಪಗೆ ಬಳಿದರೆ ಮಡಿಕೆಯಲ್ಲಿ ಬಿರಿಯುತ್ತದೆ, ತೆಳ್ಳಗೆ ಹತ್ತು ಪದರ ಕೊಟ್ಟರೆ ಮುಖ ಕಾಣುತ್ತದೆ. ಬಕ್ಕಲಿಗೆ ಬ್ರಾಸೊ ಹಚ್ಚುವಾಗ ಬೆಲ್ಟಿಗೆ ತಾಗದಂತೆ ಕೆಳಗೊಂದು ಕಾಗದ ಸಿಕ್ಕಿಸಿ. ಪಾಲಿಶ್ ಮಾಡುತ್ತ ಪಕ್ಕದವರಿಂದ ಕಲಮುಗಳನ್ನು ಕೇಳಿಸಿಕೊಳ್ಳಿ, ಎರಡೂ ಒಟ್ಟಿಗೆ ಆಗುತ್ತವೆ. ಹತ್ತಕ್ಕೆ ದೀಪ ಆರಬೇಕು. ಆರು ತಾಸು ನಿದ್ದೆ ಸಿಗದ ಮೈ ಮರುದಿನ ಫೈರಿಂಗಿನಲ್ಲೂ ಓದಿನಲ್ಲೂ ಕೈಕೊಡುತ್ತದೆ.

ನಿರ್ಗಮನ ಪಥಸಂಚಲನಕ್ಕೆ ಬರುವ ಮನೆಯವರು ಒಂದು ತಾಸು ಮೊದಲೇ ಬಂದು ಕೂಡಿ, ಪೆರೇಡ್ ಶುರುವಾದ ಮೇಲೆ ಒಳಗೆ ಬಿಡುವುದು ಕಷ್ಟ. ನೂರಾರು ಟೋಪಿಗಳ ನಡುವೆ ನಿಮ್ಮ ಮಗ, ಮಗಳು ಯಾರೆಂದು ಗುರುತು ಸಿಗದು, ಎಷ್ಟನೇ ತುಕಡಿ, ಎಷ್ಟನೇ ಸಾಲು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಪೆರೇಡ್ ಮುಗಿದ ಕೂಡಲೇ ಊರಿಗೆ ಹೊರಡುವ ಅವಸರ ಬೇಡ. ಅವರು ಇನ್ನೂ ಶಸ್ತ್ರಾಗಾರಕ್ಕೆ ರೈಫಲ್, ಸ್ಟೋರಿಗೆ ಹಾಸಿಗೆ ಮತ್ತು ಸೊಳ್ಳೆಪರದೆ, ಗ್ರಂಥಾಲಯಕ್ಕೆ ಪುಸ್ತಕ, ಮೆಸ್ಸಿಗೆ ತಟ್ಟೆ ಒಪ್ಪಿಸಿ, ಒಂದೊಂದು ಕಡೆ ಒಂದೊಂದು ಸಹಿ ಪಡೆಯಬೇಕು. ಎಲ್ಲ ಸಹಿಗಳೂ ಬಿದ್ದ ಮೇಲೆಯೇ ಠಾಣೆಗೆ ಹೋಗುವ ಆದೇಶ ಕೈಗೆ ಬರುವುದು. ಒಂದು ತಟ್ಟೆ ಕಡಿಮೆಯಾದರೆ ಅದನ್ನು ಹುಡುಕಿ ತಂದೇ ಹೊರಡಬೇಕು.